ಗಾರೆ ಆರುವ ಮುನ್ನ

ಕೆಲವು ವರ್ಷಗಳ ಹಿಂದೆ ಮನೆಗಳ ವಾರ್ಷಿಕ ಆಶೀರ್ವಾದಕ್ಕೆಂದು ಹೋಗಿದ್ದಾಗ ನಮ್ಮ ಧರ್ಮಕೇಂದ್ರದ ಓರ್ವ ಗೃಹಿಣಿ ನನ್ನ ಮುಂದೊಂದು ಪ್ರಶ್ನೆಯನ್ನಿಟ್ಟರು. ಮದುವೆಗೆ ಮೊದಲು ಅವರು ಸೊಗಸಾಗಿ ಚಿತ್ರ ಬಿಡಿಸುತ್ತಿದ್ದರು. ಈಗ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಬೆಳಗಿನಿಂದ ರಾತ್ರಿಯವರೆಗೆ ಮುಗಿಯದ ಕೆಲಸ. "ಫಾದರ್, ದಿನಕ್ಕೆ ಅರ್ಧ ಗಂಟೆ ಚಿತ್ರ ಬರೆಯಲು ಕುಳಿತರೆ ತಪ್ಪೇ? ಕುಂಚ ಹಿಡಿದಾಗಲೆಲ್ಲ ಮನೆಯಿಂದ ಏನನ್ನೋ ಕದ್ದಂತೆ ಅನಿಸುತ್ತದೆ" ಎಂದರು. ಮುಂದಿನ ಮನೆಯವರು ಕಾಯುತ್ತಿದ್ದರು. "ಮೊದಲು ಮಕ್ಕಳು ದೊಡ್ಡವರಾಗಲಿ ಅಮ್ಮಾ, ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಹೇಳಿ, ಪವಿತ್ರ ಜಲ ಪ್ರೋಕ್ಷಿಸಿ ಹೊರಟುಬಿಟ್ಟೆ.

ಕಳೆದ ವರ್ಷ ಅದೇ ಮನೆಗೆ ಮತ್ತೆ ಹೋದೆ. ಮಕ್ಕಳು ಕಾಲೇಜು ಸೇರಿದ್ದಾರೆ. ಅತ್ತೆ ದೇವರ ಪಾದ ಸೇರಿದ್ದಾರೆ. ಚಿತ್ರದ ಮಾತೆತ್ತಿದೆ. ಅವರು ಕಪಾಟಿನ ಮೇಲಿನಿಂದ ಬಣ್ಣದ ಪೆಟ್ಟಿಗೆಯನ್ನಿಳಿಸಿ ತೋರಿಸಿದರು. ಬಣ್ಣಗಳೆಲ್ಲ ಕಲ್ಲಿನಂತೆ ಗಟ್ಟಿಯಾಗಿದ್ದವು. "ಈಗ ಸಮಯವಿದೆ ಫಾದರ್, ಕೈ ಇಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ದಿನ ನಾನು ಕೊಟ್ಟ ಉತ್ತರ ಅವಸರದ್ದು ಮಾತ್ರವಲ್ಲ, ತಪ್ಪು ಉತ್ತರವೂ ಆಗಿತ್ತು. ಅದನ್ನು ತಿದ್ದುವ ಪ್ರಯತ್ನವೇ ಈ ಲೇಖನ.

ದಿನದ ಪಾಲು

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರವನ್ನು ಕಾಣದ ಕಥೋಲಿಕ ಕುಟುಂಬ ನಮ್ಮ ಕರಾವಳಿಯಲ್ಲಿ ವಿರಳ. ಅದರ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಚಿತ್ರಗಳಿಂದ ತುಂಬಿದವರು ಇಟಲಿಯ ಬೆರ್ಗಾಮೊ ಪ್ರಾಂತ್ಯದಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ. ಕೆಲಸ ಪೂರ್ಣಗೊಂಡದ್ದು 1901ರಲ್ಲಿ. 1905ರಲ್ಲಿ ಅವರು ಕೊಚ್ಚಿಯಲ್ಲಿ ನಿಧನರಾದರು. ಆ ಮಂದಿರದಲ್ಲಿ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳಿವೆ, ಭಿತ್ತಿಚಿತ್ರಗಳೂ ಇವೆ.

ಭಿತ್ತಿಚಿತ್ರದ ಕಲೆಯಲ್ಲಿ ನಮಗೊಂದು ಪಾಠವಿದೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಸುಣ್ಣವು ಗಾಳಿಯೊಡನೆ ಬೆರೆತು ಕಲ್ಲಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಶತಮಾನಗಳ ಬಾಳಿಕೆಯ ಗುಟ್ಟು ಇದೇ. ಗಾರೆ ಆರಿದ ಮೇಲೆ ಹಚ್ಚಿದ ಬಣ್ಣ ಹಾಗೆ ಒಳಗಿಳಿಯುವುದಿಲ್ಲ. ಆದ್ದರಿಂದ ಕಲಾವಿದನು ಇಡೀ ಗೋಡೆಗೆ ಒಮ್ಮೆಲೇ ಗಾರೆ ಬಳಿಯುವುದಿಲ್ಲ. ಅಂದು ಎಷ್ಟು ಬರೆಯಬಲ್ಲನೋ ಅಷ್ಟಕ್ಕೆ ಮಾತ್ರ ಬಳಿಯುತ್ತಾನೆ. ಸಂಜೆ ಉಳಿದ ಭಾಗವನ್ನು ಕತ್ತರಿಸಿ ತೆಗೆಯುತ್ತಾನೆ. ಇಟಲಿಯವರು ಈ ತುಣುಕನ್ನು 'ಜೊರ್ನಾತಾ' ಎನ್ನುತ್ತಾರೆ. ಅಂದರೆ ಒಂದು ದಿನದ ಕೆಲಸ. ಕೆಳಗೆ ನಿಂತು ಬೆರಗಿನಿಂದ ನೋಡುವ ಮಹಾಚಿತ್ರವು ಹತ್ತಿರದಿಂದ ನೋಡಿದರೆ ದಿನದ ಪಾಲುಗಳ ಜೋಡಣೆಯಷ್ಟೇ. "ಮಕ್ಕಳು ದೊಡ್ಡವರಾಗಲಿ" ಎಂದು ನಾನು ಹೇಳಿದ್ದು ಗಾರೆ ಆರಲಿ ಎಂದು ಹೇಳಿದಂತಾಯಿತು.

ದೇವರಾತ್ಮನ ವರ

ಕಲೆಯೆಂದರೆ ಬಿಡುವಿನ ವಿಲಾಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ವಿಮೋಚನಾಕಾಂಡದ 31ನೇ ಅಧ್ಯಾಯವನ್ನು ತೆರೆದು ನೋಡಿ. ಯೂದ ಕುಲದ ಬೆಚಲೇಲನನ್ನು ದೇವರು ಹೆಸರು ಹಿಡಿದು ಕರೆದು, ತಮ್ಮ ಆತ್ಮದಿಂದ ತುಂಬಿಸುತ್ತಾರೆ. ಯಾವುದಕ್ಕಾಗಿ? ಚಿನ್ನ, ಬೆಳ್ಳಿ, ಕಂಚಿನ ಕೆಲಸಕ್ಕಾಗಿ, ರತ್ನ ಕೆತ್ತುವುದಕ್ಕಾಗಿ, ಮರಗೆಲಸಕ್ಕಾಗಿ! ಅದೇ ಅಧ್ಯಾಯದ ಮುಂದಿನ ವಚನಗಳಲ್ಲಿ ಸಬ್ಬತ್ ದಿನದ ವಿಶ್ರಾಂತಿಯ ಆಜ್ಞೆ ಬರುತ್ತದೆ. ಕಲೆಗಾರನ ಕರೆ ಮತ್ತು ಕೆಲಸ ನಿಲ್ಲಿಸುವ ಕರೆ ಒಂದೇ ಪುಟದಲ್ಲಿವೆ. ದೇವರ ಗುಡಾರದ ಕೆಲಸಕ್ಕೂ ಒಂದು ಮಿತಿಯುಂಟು, ಮನೆಗೆಲಸಕ್ಕೆ ಇರಬಾರದೇ?

ಸಂತ ತೋಮಾಸ್ ಅಕ್ವಿನಾಸರು ಕಲೆಯನ್ನು ವಿವೇಚಿಸಿದ ಬಗೆಯೂ ಇಲ್ಲಿ ಸ್ಮರಣೀಯ. ಅವರ ಪ್ರಕಾರ, ರಚಿಸಬೇಕಾದುದನ್ನು ಸರಿಯಾಗಿ ರಚಿಸುವಂತೆ ಬುದ್ಧಿಯನ್ನು ನಡೆಸುವ ಒಂದು ರೂಢಿಯೇ ಕಲೆ. ರೂಢಿಯೆಂಬುದು ಪುನಃ ಪುನಃ ಮಾಡಿದ ಕ್ರಿಯೆಯಿಂದ ಬೆಳೆಯುತ್ತದೆ, ಬಿಟ್ಟರೆ ಕ್ಷೀಣಿಸುತ್ತದೆ. ಪ್ರಾರ್ಥನೆಯೂ ಹಾಗೆಯೇ ಅಲ್ಲವೇ? ವರ್ಷಕ್ಕೊಮ್ಮೆ ಮೂರು ದಿನಗಳ ಧ್ಯಾನಕೂಟಕ್ಕೆ ಹೋಗುವವನಿಗಿಂತ ದಿನವೂ ಸಂಜೆ ಮೊಣಕಾಲೂರುವವನ ಭಕ್ತಿ ಆಳವಾದುದು. ಅಕ್ವಿನಾಸರು ಇನ್ನೊಂದು ಭೇದವನ್ನೂ ತೋರಿಸುತ್ತಾರೆ: ಕಲೆಯು ಕೃತಿಯನ್ನು ಒಳ್ಳೆಯದಾಗಿಸುತ್ತದೆ, ವಿವೇಕವು ವ್ಯಕ್ತಿಯನ್ನು ಒಳ್ಳೆಯವನಾಗಿಸುತ್ತದೆ. ಆದ್ದರಿಂದ ಜ್ವರದಿಂದ ನರಳುವ ಮಗುವನ್ನು ಬಿಟ್ಟು ಹಾಡಿನ ಅಭ್ಯಾಸಕ್ಕೆ ಕೂರುವುದು ಕಲಾಭಕ್ತಿಯಲ್ಲ, ಅವಿವೇಕ. ಆದರೆ ಜ್ವರವಿಲ್ಲದ ದಿನಗಳೂ ಇವೆ, ಅವುಗಳೇ ಹೆಚ್ಚು.

ಅಲೆನ್ಸೋನಿನ ತಾಯಿ

"ಮೊಸ್ಕೇನಿ ಸನ್ಯಾಸಿ, ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ" ಎಂದು ನೀವು ಹೇಳಬಹುದು. ಒಪ್ಪಿದೆ. ಹಾಗಾದರೆ ಒಂಬತ್ತು ಮಕ್ಕಳನ್ನು ಹೆತ್ತ ತಾಯಿಯೊಬ್ಬರನ್ನು ನೋಡೋಣ. ಬಾಲಯೇಸುವಿನ ಸಂತ ತೆರೇಸಾರ ತಾಯಿ ಸೆಲಿ ಮಾರ್ಟಿನ್ ಫ್ರಾನ್ಸಿನ ಅಲೆನ್ಸೋನ್ ಪಟ್ಟಣದ ಲೇಸು ಕಸೂತಿಯ ಕುಶಲೆ. ಸೂಜಿ ನೂಲುಗಳಿಂದ ಮಾಡುವ ಈ ಲೇಸಿನ ಒಂದು ಚದರ ಸೆಂಟಿಮೀಟರಿಗೆ ಸುಮಾರು 7 ಗಂಟೆಗಳ ಶ್ರಮ ಬೇಕು. 2010ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇರೆ ಬೇರೆ ಹೆಂಗಸರು ತಂತಮ್ಮ ಮನೆಗಳಲ್ಲಿ ಹೆಣೆದ ತುಣುಕುಗಳನ್ನು, ಬೆಸುಗೆ ಕಾಣದಂತೆ ಜೋಡಿಸುವ ಸೂಕ್ಷ್ಮ ಕೆಲಸ ಸೆಲಿಯವರದು.

ಅವರ ಬದುಕು ಸುಗಮವಾಗಿರಲಿಲ್ಲ. ನಾಲ್ವರು ಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. 1877ರಲ್ಲಿ ಸ್ವತಃ ಸೆಲಿ ಸ್ತನದ ಕ್ಯಾನ್ಸರಿಗೆ ಬಲಿಯಾದಾಗ ತೆರೇಸಾ ಇನ್ನೂ 4 ವರ್ಷದ ಮಗು. ಲೇಸು ಅವರ ಜೀವನೋಪಾಯವೂ ಆಗಿತ್ತು. ಬೇಡಿಕೆಗಳ ಒತ್ತಡದಿಂದ ಬಳಲಿದ್ದನ್ನು ತಮ್ಮ ಪತ್ರಗಳಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಆದರೂ ಮುಂಜಾನೆಯ ಬಲಿಪೂಜೆ, ಮಕ್ಕಳು, ಸೂಜಿ ಈ ಮೂರೂ ಒಂದೇ ದಿನದೊಳಗಿದ್ದವು.

ನಾವು ಮರೆಯುವ ಮಾತೊಂದಿದೆ. ಗಡಿಯಾರ ರಿಪೇರಿಯ ಸ್ವಂತ ಅಂಗಡಿಯಿದ್ದ ಪತಿ ಲೂಯಿ 1870ರಲ್ಲಿ ತಮ್ಮ ವೃತ್ತಿಯನ್ನು ಬಿಟ್ಟು ಪತ್ನಿಯ ಕೆಲಸಕ್ಕೆ ಹೆಗಲು ಕೊಟ್ಟರು. 19ನೇ ಶತಮಾನದಲ್ಲಿ! 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಈ ದಂಪತಿಗಳನ್ನು ಒಟ್ಟಾಗಿಯೇ ಸಂತರೆಂದು ಘೋಷಿಸಿದರು.

ಸಮಯ ಕೊಡುವವರು ಯಾರು?

ಸಮಯ ಸಿಗುವುದಿಲ್ಲ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಸಮಯ ಯಾರಿಗೂ ದಾರಿಯಲ್ಲಿ ಬಿದ್ದು ಸಿಗುವ ವಸ್ತುವಲ್ಲ. ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ದೊರೆಯುತ್ತದೆ. ಆ ಗೃಹಿಣಿಯ ಪ್ರಶ್ನೆಯನ್ನು ನಾನು ಅವರೊಬ್ಬರ ಪ್ರಶ್ನೆಯೆಂದು ತಿಳಿದದ್ದೇ ತಪ್ಪು. ಅಂದು ಪಕ್ಕದ ಕುರ್ಚಿಯಲ್ಲಿ ಅವರ ಪತಿಯೂ ಕುಳಿತಿದ್ದರು. "ನೀವು ಆ ಅರ್ಧ ಗಂಟೆಯನ್ನು ಇವರಿಗೆ ಕೊಡಬಲ್ಲಿರಾ?" ಎಂದು ಅವರನ್ನು ಕೇಳಬೇಕಾಗಿತ್ತು. ನಾನು ಕೇಳಲಿಲ್ಲ.

ಕುಟುಂಬಗಳಿಗೆ ನನ್ನ ವಿನಂತಿ ಇಷ್ಟೇ. ಅರ್ಧ ಗಂಟೆಯನ್ನು ಪ್ರಾರ್ಥನೆಗೆ ತಾಗಿಸಿ ಇಟ್ಟುಕೊಳ್ಳಿ. ರಾತ್ರಿ ಜಪಸರ ಮುಗಿದೊಡನೆ ದೂರದರ್ಶನ, ಮೊಬೈಲುಗಳ ಕಡೆ ಕೈ ಹೋಗುವ ಮೊದಲೇ ಒಬ್ಬರು ಹಾಡಲಿ, ಒಬ್ಬರು ಬರೆಯಲಿ, ಒಬ್ಬರು ಪಿಟೀಲು ಹಿಡಿಯಲಿ. ಪಾತ್ರೆ ತೊಳೆಯುವ ಸರದಿ ಗಂಡಸರಿಗೂ ಬರಲಿ. ಚೆನ್ನಾಗಿ ಬರಲಿಲ್ಲವೆಂದು ನಾಚಬೇಡಿ, ಬಹುಮಾನಕ್ಕೆ ಹಂಬಲಿಸಬೇಡಿ. ಕ್ರಿಸ್ಮಸ್ಸಿಗೆ ಮನೆಮಂದಿಯೆಲ್ಲ ಕೂಡಿ ನೆವ್ರಿ, ಕಿಡ್ಯೊ ಮಾಡುವಾಗ, ಮೊಂತಿ ಹಬ್ಬಕ್ಕೆ ಮಕ್ಕಳು ಹೂಬುಟ್ಟಿ ಸಿಂಗರಿಸುವಾಗ ನಮ್ಮ ಮನೆಗಳಲ್ಲಿ ಕಲೆ ತಾನಾಗಿ ಅರಳುತ್ತದೆ. ವರ್ಷಕ್ಕೆ ಕೆಲವು ದಿನ ಬರುವ ಆ ಸಂಭ್ರಮದ ಒಂದು ತುಣುಕು ದಿನನಿತ್ಯದ್ದಾಗಲಿ.

ಯೌವನದಲ್ಲಿ ನಟನೂ ನಾಟಕಕಾರನೂ ಆಗಿದ್ದ ಸಂತ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1999ರಲ್ಲಿ ಕಲಾವಿದರಿಗೊಂದು ಪತ್ರ ಬರೆದರು. ಎಲ್ಲರೂ ಕಲಾವಿದರಾಗಲು ಕರೆಯಲ್ಪಟ್ಟವರಲ್ಲ. ಆದರೆ ಸ್ವಂತ ಬದುಕನ್ನೇ ಒಂದು ಕಲಾಕೃತಿಯಾಗಿ ರೂಪಿಸುವ ಹೊಣೆ ಪ್ರತಿಯೊಬ್ಬರಿಗೂ ಇದೆ ಎಂಬುದು ಅದರಲ್ಲಿನ ಒಂದು ಆಶಯ. ಮನೆಯಲ್ಲಿ ಒಬ್ಬರ ವರವು ಇತರರ ಅನುಕೂಲಕ್ಕಾಗಿ ಒಣಗಿಹೋಗುತ್ತಿದ್ದರೆ, ಆ ಮನೆಯ ಚಿತ್ರದಲ್ಲಿ ಒಂದು ಮೂಲೆ ಖಾಲಿಯೇ ಉಳಿದಂತೆ.

ಆ ಸೋದರಿಗೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಈ ಬಾರಿ ಪತಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಮಾತನಾಡಿದೆ. ಕಳೆದ ಆಗಮನ ಕಾಲದಲ್ಲಿ ನಮ್ಮ ಚರ್ಚಿನ ಗೋದಲಿಗೆ ಹಿನ್ನೆಲೆಯ ಪರದೆ ಬರೆದವರು ಅವರೇ. ಜಪಸರದ ನಂತರದ ಅರ್ಧರ್ಧ ಗಂಟೆಯಲ್ಲಿ ಮೂಡಿದ ಬೆತ್ಲೆಹೇಮ್ ಅದು. ನಕ್ಷತ್ರ ಚೆನ್ನಾಗಿತ್ತು, ಬೆಟ್ಟಗಳು ಸ್ವಲ್ಪ ವಾಲಿದ್ದವು. "ಕೈ ಇನ್ನೂ ಪಳಗಬೇಕು ಫಾದರ್" ಎಂದರು. ಪಳಗುತ್ತದೆ. ಇಂದಿನ ಪಾಲಿನ ಗಾರೆ ಇನ್ನೂ ಹಸಿಯಾಗಿಯೇ ಇದೆ.