ಊಟಿ ಕ್ಯಾರೆಟ್, ಪಿತ್ತರಸ, ಕೊಲೆಸ್ಟ್ರಾಲ್: ಲಿವರ್ ಲೆಕ್ಕ ಇಡುವುದು ಹೇಗೆ?

ಬಂಡೀಪುರ ದಾಟಿ ಮಸಿನಗುಡಿ ಅಥವಾ ಗೂಡಲೂರು ಮೂಲಕ ಊಟಿಗೆ ಹೋದವರು ರಸ್ತೆ ಬದಿಯಲ್ಲಿ ಸೊಪ್ಪಿನ ಸಮೇತ ಮಾರುವ ಕ್ಯಾರೆಟ್ ಕಟ್ಟುಗಳನ್ನು ನೋಡಿರುತ್ತಾರೆ. ನೀಲಗಿರಿಯ ಈ ಬೆಳೆಗೂ ನಮ್ಮ ರಕ್ತದ ಕೊಲೆಸ್ಟ್ರಾಲ್‌ಗೂ ಸಂಬಂಧ ಇದೆ. ಅದು ಅರ್ಥವಾಗಬೇಕಾದರೆ ಮೊದಲು ಲಿವರ್‌ನ ಕೆಲಸ ತಿಳಿಯಬೇಕು.

ಲಿವರ್‌ಗೆ ಕನ್ನಡದಲ್ಲಿ ಪಿತ್ತಜನಕಾಂಗ ಅಂತಲೂ ಹೆಸರು. ಅಂದರೆ ಪಿತ್ತರಸ ತಯಾರಿಸುವ ಅಂಗ. ತಲೆಸುತ್ತು ಬಂದಾಗ 'ಪಿತ್ತ ಜಾಸ್ತಿ ಆಗಿದೆ' ಅಂತೀವಲ್ಲ, ಆ ಪಿತ್ತ ಅಲ್ಲ ಇದು. ಬಿರಿಯಾನಿಯ ತುಪ್ಪ, ಮಾಂಸದ ಕೊಬ್ಬು ಜೀರ್ಣವಾಗಬೇಕಾದರೆ ಸಣ್ಣ ಹನಿಗಳಾಗಿ ಒಡೆಯಬೇಕು. ಜಿಡ್ಡಿನ ಪಾತ್ರೆಗೆ ಸೋಪು ಮಾಡುವ ಕೆಲಸವನ್ನು ಹೊಟ್ಟೆಯೊಳಗೆ ಪಿತ್ತಾಮ್ಲಗಳು ಮಾಡುತ್ತವೆ. ಲಿವರ್ ಅವುಗಳನ್ನು ತಯಾರಿಸುವುದು ಕೊಲೆಸ್ಟ್ರಾಲ್‌ನಿಂದಲೇ!

ಕೆಲಸ ಮುಗಿದ ಮೇಲೆ ಸುಮಾರು ಶೇ. 95ರಷ್ಟು ಪಿತ್ತಾಮ್ಲ ಸಣ್ಣ ಕರುಳಿನ ಕೊನೆಯ ಭಾಗದಿಂದ ರಕ್ತ ಸೇರಿ ಮತ್ತೆ ಲಿವರ್‌ಗೆ ವಾಪಸಾಗುತ್ತದೆ. ದಿನಕ್ಕೆ ಸುಮಾರು ಅರ್ಧ ಗ್ರಾಂ ಮಾತ್ರ ಮಲದಲ್ಲಿ ಹೊರಹೋಗುತ್ತದೆ. ಲಿವರ್ ಹೊಸದಾಗಿ ತಯಾರಿಸುವುದೂ ಹೆಚ್ಚುಕಡಿಮೆ ಅಷ್ಟನ್ನೇ.

ಎಷ್ಟು ಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿಸುವ ಮೊದಲ ಹೆಜ್ಜೆ 'ಸಿವೈಪಿ7ಎ1' ಎಂಬ ಕಿಣ್ವದ್ದು. ಪಿತ್ತಾಮ್ಲ ಸಾಕಷ್ಟಿದ್ದರೆ ಕರುಳಿನ ಮತ್ತು ಲಿವರ್‌ನ ಜೀವಕೋಶಗಳಲ್ಲಿರುವ 'ಎಫ್‌ಎಕ್ಸ್‌ಆರ್' ಎಂಬ ಗ್ರಾಹಕ ಅದನ್ನು ಗುರುತಿಸುತ್ತದೆ. ಆಗ ಕರುಳು 'ಎಫ್‌ಜಿಎಫ್19' ಎಂಬ ಹಾರ್ಮೋನ್ ಕಳಿಸಿ 'ಸಾಕು, ನಿಲ್ಲಿಸು' ಅನ್ನುತ್ತದೆ. ಕಿಣ್ವದ ಉತ್ಪಾದನೆ ಇಳಿಯುತ್ತದೆ. ವಾಪಸ್ ಬರುವ ಪಿತ್ತಾಮ್ಲ ಕಡಿಮೆಯಾದರೆ ಈ ತಡೆ ಸಡಿಲವಾಗುತ್ತದೆ. ಲಿವರ್ ರಕ್ತದಿಂದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಎಳೆದುಕೊಂಡು ಹೊಸ ಪಿತ್ತಾಮ್ಲ ಮಾಡುತ್ತದೆ. ಕೊಲೆಸ್ಟೈರಮಿನ್ ಎಂಬ ಹಳೆಯ ಔಷಧಿ ಕರುಳಲ್ಲಿ ಪಿತ್ತಾಮ್ಲವನ್ನು ಹಿಡಿದಿಟ್ಟು ಕೊಲೆಸ್ಟ್ರಾಲ್ ಇಳಿಸುವುದು ಹೀಗೆಯೇ.

ಇನ್ನು ಕ್ಯಾರೆಟ್‌ಗೆ ಬರೋಣ. ಅದರ ನಾರು ಸಹ ಪಿತ್ತಾಮ್ಲವನ್ನು ಹಿಡಿದು ಹೊರಗೆ ಸಾಗಿಸುತ್ತದೆ. 1979ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ದಿನಾ ಬೆಳಿಗ್ಗೆ 200 ಗ್ರಾಂ ಹಸಿ ಕ್ಯಾರೆಟ್ ತಿಂದವರ ಕೊಲೆಸ್ಟ್ರಾಲ್ 3 ವಾರಗಳಲ್ಲಿ ಶೇ. 11ರಷ್ಟು ಇಳಿದಿತ್ತು, ಮಲದಲ್ಲಿ ಹೊರಹೋಗುವ ಪಿತ್ತಾಮ್ಲ ಹೆಚ್ಚಿತ್ತು. ಆದರೆ ಸೋಸಿದ ಜ್ಯೂಸ್ ಕುಡಿದರೆ ಈ ಲಾಭ ಕಡಿಮೆ, ಯಾಕಂದ್ರೆ ನಾರಿನ ಹೆಚ್ಚಿನ ಭಾಗ ಚರಟದಲ್ಲೇ ಹೋಗಿರುತ್ತದೆ. ಓಟ್ಸ್, ಕಡಲೆ, ಬೀನ್ಸ್ ನಾರು ಕೂಡ ಒಳ್ಳೆಯದೇ.

ಯುವಕರಿಗೆ ಒಂದು ಮಾತು. 'ಲಿವರ್ ಕ್ಲೀನ್ ಮಾಡುವ ಜ್ಯೂಸ್' ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವುದನ್ನು ನಂಬಿ ಮನೆಯ ಹಿರಿಯರ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಡಿ. ಕ್ಯಾರೆಟ್ ಊಟದ ಜೊತೆಗಿರಲಿ, ಮಾತ್ರೆಯ ಬದಲಿಗೆ ಬೇಡ. ಹೃದಯಾಘಾತಕ್ಕೆ ಮುನ್ಸೂಚನೆ ಇರಲೇಬೇಕು ಅಂತೇನಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹೃದಯದ ತೊಂದರೆ ಬಂದಿದ್ದರೆ ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.