ಒಂದೇ ವಸ್ತು, ಬೇರೆ ಬೆಳಕು

ಪ್ರಶ್ನೆ: ಬೆಳೆಸುವ ರೀತಿ ಬದಲಾದರೆ ಅರೆವಾಹಕ ನ್ಯಾನೋತಂತಿಯ ಬೆಳಕೂ ಬದಲಾಗುತ್ತದೆಯೇ?

ಉತ್ತರ: ಖಂಡಿತ. ಗ್ಯಾಲಿಯಂ ಆರ್ಸೆನೈಡ್ ತಂತಿಯನ್ನೇ ನೋಡಿ. ಚಿನ್ನ ಬೆರೆತ ದ್ರವದ ಹನಿಯೊಂದು ಅನಿಲದಿಂದ ಪರಮಾಣುಗಳನ್ನು ಹೀರಿ, ತನ್ನಡಿಯಲ್ಲಿ ಪದರದ ಮೇಲೆ ಪದರ ಕೂರಿಸುತ್ತದೆ. ಅನಿಲಗಳ ಪ್ರಮಾಣ ಬದಲಿಸಿದರೆ ಹನಿ ಉಬ್ಬುತ್ತದೆ ಇಲ್ಲವೇ ಕುಗ್ಗುತ್ತದೆ. ಅದಕ್ಕೆ ತಕ್ಕಂತೆ ಪದರಗಳ ಜೋಡಣೆ ಘನಾಕೃತಿಯದೋ ಷಟ್ಕೋನಾಕೃತಿಯದೋ ಆಗುತ್ತದೆ. ಎರಡೂ ಬೆರೆತ ತಂತಿಯಲ್ಲಿ ಹೊರಡುವ ಬೆಳಕಿನ ಶಕ್ತಿ ತಗ್ಗುತ್ತದೆ.

ನನಗೆ ತೀರಾ ಅಚ್ಚರಿಯೆನಿಸುವುದು 2020ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಸಂಶೋಧಕರ ತಂಡ ಪ್ರಕಟಿಸಿದ ಕೆಲಸ. ಷಟ್ಕೋನ ರಚನೆಯ ಗ್ಯಾಲಿಯಂ ಆರ್ಸೆನೈಡ್ ತಂತಿಯ ಸುತ್ತ ಸಿಲಿಕಾನ್-ಜರ್ಮೇನಿಯಂ ಹೊದಿಕೆ ಬೆಳೆಸಿದಾಗ, ಹೊದಿಕೆಯೂ ಒಳಗಿನ ರಚನೆಯನ್ನೇ ಅನುಸರಿಸಿತು. ಮಾಮೂಲಿ ಘನರಚನೆಯಲ್ಲಿ ತೀರಾ ಕ್ಷೀಣವಾಗಿ ಬೆಳಗುವ ಆ ಮಿಶ್ರಣ, ಜರ್ಮೇನಿಯಂ ಪಾಲು ಹೆಚ್ಚಿದ್ದಾಗ, ಇಲ್ಲಿ ಅವಕೆಂಪು ಬೆಳಕನ್ನು ಸಮರ್ಥವಾಗಿ ಸೂಸಿತು.