ನ್ಯುಮೋನಿಯಾದಿಂದ ಕರುಳಿಗೆ ಬಂದ ಸಿಆರ್‌ಪಿ

ಕ್ರೋನ್ಸ್ ಕಾಯಿಲೆ ಇರುವವರು ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ಹುಡುಕುವುದು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಷ್ಟಿದೆ ಎಂದು. ಅದನ್ನು ಕರುಳಿನ ಅಳತೆಗೋಲು ಎಂದೇ ನಂಬಿದವರು ಬಹಳ. ಆದರೆ ಈ ಪ್ರೋಟೀನು ಮೊದಲು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಎಂಬ ಅಂಶವನ್ನು ರೋಗಿಗಳ ಸೀರಮ್‌ಗೆ ಬೆರೆಸಿದಾಗ ತಳದಲ್ಲಿ ಗಷ್ಟು ಕೂತಿತು. ರೋಗಿ ಚೇತರಿಸಿಕೊಳ್ಳುತ್ತಿದ್ದಂತೆ ಗಷ್ಟು ಕೂರುವುದೂ ನಿಂತಿತು. ರೋಗದೊಡನೆ ಹೋರಾಡುವ ಪ್ರತಿಕಾಯವಾಗಿದ್ದರೆ ಚೇತರಿಕೆಯ ಹೊತ್ತಿಗೆ ಹೆಚ್ಚಬೇಕಿತ್ತು, ಇದು ಮಾಯವಾಗುತ್ತಿತ್ತು. ಇದೇ ನಗರದ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ 1932ರಲ್ಲಿ ಬರಿಲ್ ಕ್ರೋನ್, ಗಿಂಜ್‌ಬರ್ಗ್, ಓಪನ್‌ಹೈಮರ್ ಸಣ್ಣಕರುಳಿನ ತುದಿ ಊದಿ ದಪ್ಪಗಾಗುವ ಕಾಯಿಲೆಯನ್ನು ವಿವರಿಸಿದರು. ಅಷ್ಟು ಹತ್ತಿರ ಹುಟ್ಟಿದರೂ ಇವೆರಡರ ನಂಟು ಬೆಳೆಯಲು ದಶಕಗಳೇ ಬೇಕಾದವು. ಮೊದಮೊದಲು ಸೂಜಿಯಂಥ ಗಾಜಿನ ನಳಿಗೆಯಲ್ಲಿ ಕೂತ ಬಿಳಿ ಗಷ್ಟಿನ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಿದ್ದರು. ನಿಖರ ಅಳತೆ ಬಂದದ್ದು ಆಮೇಲೆ.

ಈ ಹುಟ್ಟಿನ ಕಥೆಯಲ್ಲೇ ಸಿಆರ್‌ಪಿಯ ಮಿತಿಯೂ ಇದೆ. ಅದನ್ನು ತಯಾರಿಸುವುದು ಕರುಳಲ್ಲ, ಲಿವರ್. ಮೈಯಲ್ಲಿ ಎಲ್ಲೇ ಉರಿಯೂತವಾದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಲಿವರ್‌ಗೆ ಮುಟ್ಟುತ್ತದೆ, ಸಿಆರ್‌ಪಿ ಏರುತ್ತದೆ. ಎಲ್ಲೋ ಬೆಂಕಿ ಬಿದ್ದಿದೆ ಎಂದಷ್ಟೇ ಅದು ಹೇಳುತ್ತದೆ. ಯಾವ ಮನೆಗೆ, ಯಾತರಿಂದ ಎಂದು ಹೇಳದು. ಭಾರತದಲ್ಲಿ ಇದು ದೊಡ್ಡ ತೊಡಕು. ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಸಣ್ಣಕರುಳು ದೊಡ್ಡಕರುಳು ಕೂಡುವ ಜಾಗವನ್ನು ಹಿಡಿಯುತ್ತದೆ, ಸಿಆರ್‌ಪಿಯನ್ನೂ ಏರಿಸುತ್ತದೆ. ಕ್ರೋನ್ಸ್‌ಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕು. ಕ್ಷಯದಲ್ಲಿ ಅದೇ ಔಷಧಿ ಪ್ರಾಣಕ್ಕೆ ಕುತ್ತಾಗಬಹುದು. ಇಲ್ಲಿ ಕೊಲೊನೋಸ್ಕೋಪಿ, ಬಯಾಪ್ಸಿಗಳನ್ನು ಬಿಟ್ಟು ರಕ್ತದ ಒಂದು ಅಂಕಿಯನ್ನು ನಂಬುವಂತಿಲ್ಲ.

ಹಾಗಾದರೆ ಈ ಪರೀಕ್ಷೆ ಯಾಕೆ ಬೇಕು ಎಂದು ಕೇಳಬಹುದು. ಮಲದಲ್ಲಿ ಸಿಗುವ ಕ್ಯಾಲ್‌ಪ್ರೊಟೆಕ್ಟಿನ್ ಕರುಳಿಗೆ ಹೆಚ್ಚು ಹತ್ತಿರದ ಸಾಕ್ಷಿ ಎಂಬುದೂ ನಿಜವೇ. ಆದರೆ ರಕ್ತದಲ್ಲಿ ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ. ಉರಿಯೂತ ತಗ್ಗಿದರೆ ಕೆಲವೇ ದಿನಗಳಲ್ಲಿ ಅದೂ ಇಳಿಯುತ್ತದೆ. ಹೀಗಾಗಿ ರೋಗದ ಹೆಸರು ಹೇಳಲಾಗದ ಈ ಪ್ರೋಟೀನು, ಹೆಸರು ಗೊತ್ತಾದ ರೋಗದ ಏರಿಳಿತವನ್ನು ಚೆನ್ನಾಗಿ ತೋರಿಸುತ್ತದೆ. 2017ರಲ್ಲಿ ಪ್ರಕಟವಾದ ‘ಕಾಮ್’ ಅಧ್ಯಯನದಲ್ಲಿ, ಬರೀ ಲಕ್ಷಣ ನೋಡದೆ ಸಿಆರ್‌ಪಿ, ಕ್ಯಾಲ್‌ಪ್ರೊಟೆಕ್ಟಿನ್‌ಗಳನ್ನೂ ಗಮನಿಸಿ ಔಷಧಿ ಹೆಚ್ಚಿಸಿದವರಲ್ಲಿ 48 ವಾರಗಳ ನಂತರ ಶೇ 46ರಷ್ಟು ಮಂದಿಯ ಕರುಳಿನ ಒಳಪದರ ಮಾಗಿತ್ತು; ಇನ್ನೊಂದು ಗುಂಪಿನಲ್ಲಿ ಶೇ 30. ಹೊಟ್ಟೆನೋವಿಲ್ಲ ಎಂದ ಮಾತ್ರಕ್ಕೆ ಒಳಗಿನ ಹುಣ್ಣು ಆರಿರುವುದಿಲ್ಲ ಎಂಬುದಕ್ಕೆ ಇದು ಬಲವಾದ ಪುರಾವೆ. ಆದರೆ ಕಾಯಿಲೆ ಜೋರಾಗಿದ್ದರೂ ಕೆಲವರಲ್ಲಿ ಸಿಆರ್‌ಪಿ ಏರುವುದೇ ಇಲ್ಲ. ಅದಕ್ಕೇ ಹಳೆಯ ರಿಪೋರ್ಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು: ಹಿಂದೆ ರೋಗ ಕೆರಳಿದ್ದಾಗಲೂ ಅಂಕಿ ಏರಿರದಿದ್ದರೆ, ಇವತ್ತಿನ ‘ನಾರ್ಮಲ್’ ನೋಡಿ ಮಾತ್ರೆ ನಿಲ್ಲಿಸುವಂತಿಲ್ಲ.